ಪಾನಕ ಬಲ್ಲವರಿಗೆ ಕಾಕ್‌ಟೇಲ್ ಕಷ್ಟವಲ್ಲ

2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ತಾಪಮಾನ 39.2 ಡಿಗ್ರಿ ಮುಟ್ಟಿತ್ತು. ಸಂಜೆ ಏಳಾದರೂ ತಾರಸಿಯ ಕಾವು ಆರುತ್ತಿರಲಿಲ್ಲ. ನಾನು ಮನೆಯಲ್ಲಿ ಕಾಕ್‌ಟೇಲ್ ಮಾಡಲು ಶುರುಮಾಡಿದ್ದು ಆ ಬೇಸಿಗೆಯಲ್ಲಿ. ಒಂದು ದಿನ ಪಾಯಸದಷ್ಟು ಸಿಹಿ, ಮರುದಿನ ಹಲ್ಲು ಚುಳ್ಳೆನ್ನುವಷ್ಟು ಹುಳಿ. ರಾಮನವಮಿಯಂದು ಅಮ್ಮ ಪಾನಕ ಕದಡುವುದನ್ನು ನೋಡುತ್ತ ನಿಂತಾಗ ತಪ್ಪು ಎಲ್ಲಿದೆ ಎಂದು ತಿಳಿಯಿತು. ಬೆಲ್ಲ ಕರಗಿಸಿ ನಿಂಬೆ ಹಿಂಡಿದರು, ಒಂದು ಚಮಚ ಅಂಗೈಗೆ ಹಾಕಿಕೊಂಡು ರುಚಿ ನೋಡಿದರು, ಮತ್ತೆ ಅರ್ಧ ಹೋಳು ಹಿಂಡಿದರು. ಕಾಕ್‌ಟೇಲ್‌ಗೆ ಬೇಕಾದದ್ದೂ ಇದೇ: ಹುಳಿ ಮತ್ತು ಸಿಹಿಯ ಹದ. ಮದ್ಯ ಆಮೇಲಿನ ಮಾತು.

ಮೊದಲು ಮಂಜುಗಡ್ಡೆ. ಬಾಟಲಿಗೆ ಸಾವಿರಾರು ರೂಪಾಯಿ ಕೊಡುವವರೂ ಇದನ್ನು ಕಡೆಗಣಿಸುತ್ತಾರೆ. ಫ್ರಿಜ್ಜಿನ ಟ್ರೇಯಲ್ಲಿ ಕಟ್ಟುವ ಸಣ್ಣ ತುಂಡುಗಳು ಬೇಗ ಕರಗಿ ಲೋಟವನ್ನು ನೀರಾಗಿಸುತ್ತವೆ. ಮುಚ್ಚಳವಿಲ್ಲದ ಟ್ರೇಯಾದರೆ ಪಕ್ಕದಲ್ಲಿರುವ ತೆಂಗಿನ ತುರಿಯ ವಾಸನೆಯೂ ಹತ್ತುತ್ತದೆ. ಹಿಂದಿನ ರಾತ್ರಿಯೇ ಮುಚ್ಚಳವಿರುವ ಸ್ಟೀಲ್ ಡಬ್ಬಿಯಲ್ಲಿ ಮುಕ್ಕಾಲು ಭಾಗ ಫಿಲ್ಟರ್ ನೀರು ತುಂಬಿ ಫ್ರೀಜರಿನಲ್ಲಿಡಿ. ಬೋರ್‌ವೆಲ್ ನೀರು ಬೇಡ, ಅದರ ಉಪ್ಪು ನಾಲಿಗೆಗೆ ಗೊತ್ತಾಗುತ್ತದೆ. ಬೇಕಾದಾಗ ಹತ್ತು ನಿಮಿಷ ಹೊರಗಿಟ್ಟು, ಗಡ್ಡೆಯನ್ನು ಶುಭ್ರ ಬಟ್ಟೆಯಲ್ಲಿ ಸುತ್ತಿ, ಕುಟ್ಟಾಣಿಯಿಂದ ನಿಂಬೆಹಣ್ಣಿನ ಗಾತ್ರದ ತುಂಡುಗಳಾಗುವಂತೆ ಒಡೆಯಿರಿ.

ಈಗ ಬೆಲ್ಲದ ಪಾಕ. 200 ಗ್ರಾಂ ಪುಡಿ ಬೆಲ್ಲಕ್ಕೆ 200 ಮಿಲಿ ನೀರು, ಜಜ್ಜಿದ ಒಂದಿಂಚು ಶುಂಠಿ, ನಾಲ್ಕು ಏಲಕ್ಕಿ. ಸಣ್ಣ ಉರಿಯಲ್ಲಿ ಬೆಲ್ಲ ಕರಗಿದರೆ ಸಾಕು, ಎಳೆ ಪಾಕ ಬರುವವರೆಗೆ ಕಾಯಬೇಡಿ. ಬೆಲ್ಲದಲ್ಲಿ ಕಸ, ಮರಳು ಇರುವುದುಂಟು, ಬಟ್ಟೆಯಲ್ಲಿ ಸೋಸಿ. ಪೂರ್ತಿ ಆರಿದ ಮೇಲೆ ಬಾಟಲಿಗೆ ತುಂಬಿ ಫ್ರಿಜ್ಜಿನಲ್ಲಿಟ್ಟರೆ ಒಂದು ವಾರಕ್ಕೆ ಚಿಂತೆಯಿಲ್ಲ.

ಪಾನೀಯ ಕುಲುಕುವ ಶೇಕರ್ ಕೊಳ್ಳಬೇಕಾಗಿಲ್ಲ. ಗಟ್ಟಿ ಮುಚ್ಚಳದ, ಅಗಲ ಬಾಯಿಯ ಸ್ಟೀಲ್ ಬಾಟಲಿ ಸಾಕು. ಆದರೆ ಅಳತೆ ಲೋಟ ಬೇಕೇ ಬೇಕು. ಅದಿಲ್ಲದಿದ್ದರೆ 15 ಮಿಲಿಯ ಅಳತೆ ಚಮಚ. ಕಣ್ಣಂದಾಜಿನಲ್ಲಿ ಮದ್ಯ ಸುರಿಯುವುದನ್ನು ನಾನು ಒಪ್ಪುವುದಿಲ್ಲ, ಕೈ ಯಾವಾಗಲೂ ಹೆಚ್ಚಿಗೇ ವಾಲುತ್ತದೆ.

ಬಾಟಲಿಗೆ 45 ಮಿಲಿ ಡಾರ್ಕ್ ರಮ್, 20 ಮಿಲಿ ನಿಂಬೆರಸ, 20 ಮಿಲಿ ಬೆಲ್ಲದ ಪಾಕ ಹಾಕಿ. ನಿಂಬೆ ಆಗಷ್ಟೇ ಹಿಂಡಿದ್ದಿರಲಿ, ಸಿಪ್ಪೆ ನಜ್ಜುಗುಜ್ಜಾಗುವಂತೆ ಹಿಂಡಿದರೆ ಕಹಿ ಇಳಿಯುತ್ತದೆ. ಐದಾರು ತುಂಡು ಮಂಜುಗಡ್ಡೆ ಸೇರಿಸಿ, ಮುಚ್ಚಳ ಬಿಗಿದು, ಹದಿನೈದು ಸೆಕೆಂಡು ಜೋರಾಗಿ ಕುಲುಕಿ. ಬಾಟಲಿ ಹಿಡಿದ ಕೈ ಮರಗಟ್ಟಿದಂತಾದರೆ ಹದ ಬಂತೆಂದೇ ಅರ್ಥ. ಹಾಗೆ ಕುಲುಕುವಾಗ ಕರಗಿ ಸೇರುವ ನೀರು ಪಾನೀಯದ ಭಾಗವೇ, ಮದ್ಯದ ಖಾರ ಮುರಿಯುವುದು ಅದರಿಂದ. ಟೀ ಸೋಸುವ ಜಾಲರಿಯಿಂದ ಹೊಸ ಮಂಜುಗಡ್ಡೆ ಇರುವ ಲೋಟಕ್ಕೆ ಸೋಸಿ, ಮೇಲೆ 60 ಮಿಲಿ ತಣ್ಣನೆಯ ಸೋಡಾ, ಒಂದು ಚಿಟಿಕೆ ಕಾಳುಮೆಣಸಿನ ಪುಡಿ. ಸೋಡಾವನ್ನು ಮಾತ್ರ ಎಂದೂ ಬಾಟಲಿಯೊಳಗೆ ಹಾಕಿ ಕುಲುಕಬೇಡಿ, ಅನಿಲದ ಒತ್ತಡಕ್ಕೆ ಮುಚ್ಚಳ ಹಾರುತ್ತದೆ.

ಜಿನ್ ಇಷ್ಟಪಡುವವರಿಗೆ ಮುರುಗಲು. ಶಿರಸಿ ಕಡೆಯವರು ಹೀಗೆನ್ನುವ, ಮಂಗಳೂರಿನವರು ಪುನರ್ಪುಳಿ ಎನ್ನುವ ಈ ಹುಳಿ ಹಣ್ಣಿನ (ಕೋಕಂ) ಒಣಸಿಪ್ಪೆಯನ್ನು ಗಾಂಧಿ ಬಜಾರಿನಲ್ಲೋ ಮಲ್ಲೇಶ್ವರದಲ್ಲೋ ವಿಚಾರಿಸಿ ತನ್ನಿ. ಹತ್ತು ಸಿಪ್ಪೆಗಳನ್ನು ತೊಳೆದು 150 ಮಿಲಿ ಬಿಸಿನೀರಿನಲ್ಲಿ ಒಂದು ತಾಸು ನೆನೆಸಿ, ಹಿಚುಕಿ ಸೋಸಿದರೆ ಕಡುಗೆಂಪು ರಸ. ಇದೇ ಹುಳಿ, ನಿಂಬೆ ಬೇಡ. 45 ಮಿಲಿ ಜಿನ್‌ಗೆ 60 ಮಿಲಿ ರಸ, 20 ಮಿಲಿ ಸಕ್ಕರೆ ಪಾಕ. ಬೆಲ್ಲ ಹಾಕಿದರೆ ಆ ಚೆಂದದ ಬಣ್ಣ ಮಂಕಾಗುತ್ತದೆ. ಮೊದಲಿನಂತೆಯೇ ಕುಲುಕಿ ಸೋಸಿ. ಕೊನೆಗೆ ಕರಿಬೇವಿನ ಒಂದು ಎಸಳನ್ನು ಅಂಗೈಯಲ್ಲಿಟ್ಟು ಇನ್ನೊಂದು ಕೈಯಿಂದ ಒಮ್ಮೆ ತಟ್ಟಿ ಲೋಟದ ಮೇಲಿಡಿ. ತಟ್ಟಿದಾಗ ಎಲೆಯ ಎಣ್ಣೆ ಬಿಟ್ಟುಕೊಳ್ಳುತ್ತದೆ, ಕುಡಿಯುವ ಮುಂಚೆಯೇ ಘಮ ಮೂಗಿಗೆ ಬರುತ್ತದೆ. ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಇದು.

ಕಲ್ಲಂಗಡಿ, ಪುದೀನ, ವೋಡ್ಕಾ ಸೇರಿಸಿದ್ದೂ ಚೆನ್ನಾಗಿರುತ್ತದೆ, ಅಳತೆ ಇದೇ. ಕಲ್ಲಂಗಡಿ ರಸ ತಾನೇ ಸಿಹಿಯಾದ್ದರಿಂದ ಪಾಕ ಅರ್ಧ ಸಾಕು.

ದೊಡ್ಡ ಪೆಗ್ಗಿನ 60 ಮಿಲಿ ಬದಲು 45 ಮಿಲಿ ಮದ್ಯ ಹೇಳಿದ್ದಕ್ಕೆ ಕಾರಣವಿದೆ. ನಮ್ಮಲ್ಲಿ ಸಿಗುವ ರಮ್, ಜಿನ್, ವೋಡ್ಕಾಗಳಲ್ಲಿ ಬಹುಪಾಲು 42.8 ಶೇಕಡಾ ಆಲ್ಕೋಹಾಲ್. ಹುಳಿಸಿಹಿಯ ನಡುವೆ ಅದರ ಘಾಟು ಗೊತ್ತಾಗದೆ ಎರಡನೆಯ ಲೋಟ ಬೇಗ ಖಾಲಿಯಾಗುತ್ತದೆ. ಮದ್ಯ ಮೈಯ ನೀರನ್ನೂ ಹೊರಹಾಕುತ್ತದೆ, ಆದ್ದರಿಂದ ಪ್ರತಿ ಲೋಟದ ಜೊತೆ ಒಂದು ಲೋಟ ನೀರು ಕುಡಿಯಿರಿ. ಗಾಡಿ ತಂದವರಿಗೆ, 21 ತುಂಬದವರಿಗೆ, ಕುಡಿಯದವರಿಗೆ ಅದೇ ಚೆಂದದ ಲೋಟ, ಅದೇ ಮಂಜುಗಡ್ಡೆ ಕೊಡಿ. ರಮ್ಮಿನ ಜಾಗದಲ್ಲಿ 90 ಮಿಲಿ ಎಳನೀರು ಹಾಕಿ, ಪಾಕವನ್ನು 10 ಮಿಲಿಗೆ ಇಳಿಸಿ, ಸೋಡಾ ಬಿಟ್ಟುಬಿಡಿ.