ಕಾಡು ದಾರಿಯಲ್ಲಿ ಸೈಕಲ್: ಇಳಿಜಾರಿನಲ್ಲಿ ಕೂತರೆ ಕೆಟ್ಟಿರಿ

ಧನುರ್ಮಾಸ ಬಂತೆಂದರೆ ಅಪಾರ್ಟ್‌ಮೆಂಟುಗಳ ಬೇಸ್‌ಮೆಂಟಿನಲ್ಲಿ ಧೂಳು ಹಿಡಿದಿದ್ದ ಗೇರ್ ಸೈಕಲ್‌ಗಳೆಲ್ಲ ಹೊರಗೆ ಬರುತ್ತವೆ. ಬರಲಿ, ಒಳ್ಳೆಯದೇ. ನಮ್ಮ ಕಡೆ ಕಾಡಿನ ದಾರಿಯಲ್ಲಿ ಸೈಕಲ್ ಹೊಡೆಯಲು ಇದಕ್ಕಿಂತ ಒಳ್ಳೆಯ ಕಾಲ ಇಲ್ಲ. ಬೆಂಗಳೂರಿನಲ್ಲಿ ಜನವರಿ ಬೆಳಗ್ಗೆ 15–16 ಡಿಗ್ರಿ, ಮಧ್ಯಾಹ್ನ 27–28. ಕೆಸರಿಲ್ಲ. ಮಲೆನಾಡಿಗೆ ಹೋದರೆ ಇಂಬಳದ ಕಾಟವೂ ಇರುವುದಿಲ್ಲ.

ಆದರೆ ಬೀಳುವವರೂ ಈ ಕಾಲದಲ್ಲೇ ಜಾಸ್ತಿ. ಏರು ಹತ್ತುವಾಗ ಯಾರೂ ಬೀಳುವುದಿಲ್ಲ, ಸುಸ್ತಾಗಿ ಇಳಿದು ತಳ್ಳುತ್ತಾರೆ ಅಷ್ಟೆ. ಬೀಳುವುದೆಲ್ಲ ಇಳಿಯುವಾಗ. ಭಾನುವಾರ ಬೆಳಗ್ಗೆ ಯಾವುದಾದರೂ ಇಳಿಜಾರಿನ ಕೆಳಗೆ ಅರ್ಧ ಗಂಟೆ ನಿಂತು ನೋಡಿ. ಸೀಟಿನ ಮೇಲೆ ಗಟ್ಟಿಯಾಗಿ ಕೂತು, ಎರಡೂ ಬ್ರೇಕನ್ನು ನಾಲ್ಕು ಬೆರಳಲ್ಲಿ ಹಿಂಡಿಕೊಂಡು, ಮುಂದಿನ ಚಕ್ರವನ್ನೇ ದಿಟ್ಟಿಸುತ್ತಾ ಬರುವವರು ಸಾಲುಸಾಲು. ಅದಕ್ಕೇ ಈ ಲೇಖನದಲ್ಲಿ ಇಳಿಯುವುದಕ್ಕೆ ಹೆಚ್ಚು ಜಾಗ, ಉಳಿದದ್ದಕ್ಕೆ ಕಡಿಮೆ.

1. ಎಲ್ಲಿಗೆ ಹೋಗುವುದು

ಬೆಂಗಳೂರಿನವರಿಗೆ ಕನಕಪುರ ರಸ್ತೆ ಕಡೆ ತುರಹಳ್ಳಿ, ಯಲಹಂಕ ಕಡೆ ಅವಲಹಳ್ಳಿ ಗೊತ್ತಿರುವ ಜಾಗಗಳು. ಎರಡೂ ಅರಣ್ಯ ಇಲಾಖೆಗೆ ಸೇರಿದ ಕಾಡು. ಸೈಕಲ್ ಬಿಡುತ್ತಾರೋ ಇಲ್ಲವೋ, ಎಷ್ಟು ಹೊತ್ತಿನವರೆಗೆ ಬಿಡುತ್ತಾರೆ ಎಂಬುದನ್ನು ಅಲ್ಲಿನ ಸಿಬ್ಬಂದಿಯನ್ನು ಕೇಳಿಯೇ ಒಳಗೆ ಹೋಗಿ. ಬಂಡೀಪುರ, ನಾಗರಹೊಳೆ, ಭದ್ರಾದಂಥ ಜಾಗದಲ್ಲಿ ಸೈಕಲ್ ನುಗ್ಗಿಸುವ ಯೋಚನೆಯನ್ನೇ ಬಿಡಿ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಿಗೆ ಅನುಮತಿ ಇಲ್ಲದೆ ಕಾಲಿಡುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ.

ಸಕಲೇಶಪುರ, ಮೂಡಿಗೆರೆ, ಕೊಡಗಿನ ಕಡೆ ಕಾಫಿ ತೋಟದ ಮಣ್ಣು ರಸ್ತೆಗಳು ಸೊಗಸು. ಆದರೆ ಈಗ ಅಲ್ಲಿ ಹಣ್ಣು ಕೊಯ್ಲಿನ ಕಾಲ. ಅರೇಬಿಕಾ ಮುಗಿಯುತ್ತಿದ್ದ ಹಾಗೆ ರೋಬಸ್ಟಾ ಶುರು. ತೋಟದ ರೈಟರನ್ನು, ಅಂದರೆ ಕೆಲಸ ನೋಡಿಕೊಳ್ಳುವ ಮೇಲ್ವಿಚಾರಕರನ್ನು, ಕೇಳದೆ ಗೇಟು ದಾಟಬೇಡಿ. ತಿರುವಿನಲ್ಲಿ ಟ್ರ್ಯಾಕ್ಟರೋ ಪಿಕಪ್ ಜೀಪೋ ಎದುರಾಗಬಹುದು. ಕಣದಲ್ಲಿ ಒಣಗಲು ಹಾಕಿದ ಕಾಫಿ ಮೇಲೆ ಸೈಕಲ್ ಹತ್ತಿಸಿದರೆ ಬೈಗುಳ ಗ್ಯಾರಂಟಿ, ತಪ್ಪೂ ನಿಮ್ಮದೇ. ಹಾಸನ, ಕೊಡಗಿನಲ್ಲಿ ತೋಟದೊಳಗೇ ಆನೆ ಇರುತ್ತವೆ. ಬಿಸಿಲು ಚೆನ್ನಾಗಿ ಬಂದ ಮೇಲೆ ಹೊರಡಿ, "ರಾತ್ರಿ ಆನೆ ಬಂದಿತ್ತಾ?" ಎಂದು ಊರವರನ್ನು ಕೇಳಿ. ಕಿವಿಗೆ ಇಯರ್‌ಫೋನ್ ಬೇಡವೇ ಬೇಡ.

2. ಸೈಕಲ್

ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಅಲಾಯ್ ಫ್ರೇಮ್, ಎರಡೂ ಕಡೆ ಡಿಸ್ಕ್ ಬ್ರೇಕ್. ಇಷ್ಟಿದ್ದರೆ ಸಾಕು. ಅಗ್ಗದ ಬೆಲೆಗೆ ಹಿಂದೆಯೂ ದಪ್ಪ ಸ್ಪ್ರಿಂಗ್ ಕೂರಿಸಿ ಮಾರುವ ಕಬ್ಬಿಣದ ಸೈಕಲ್ ಮಾತ್ರ ಕೊಳ್ಳಬೇಡಿ. ಆ ಸ್ಪ್ರಿಂಗ್ ಬರೀ ತೋರಿಕೆಗೆ. ಏರಿನಲ್ಲಿ ನಿಮ್ಮ ಶಕ್ತಿಯನ್ನೆಲ್ಲ ನುಂಗುತ್ತದೆ, ಇಳಿಜಾರಿನಲ್ಲಿ ಪುಟಿಯುತ್ತದೆ.

ಹೆಲ್ಮೆಟ್ ಒಳಗೆ ಸಿಪಿಎಸ್‌ಸಿ (ಅಮೆರಿಕದ ಸುರಕ್ಷತಾ ಮಾನದಂಡ) ಅಥವಾ ಇಎನ್ 1078 (ಯುರೋಪಿನದು) ಎಂಬ ಚೀಟಿ ಇದೆಯಾ ನೋಡಿ. ಇಲ್ಲದಿದ್ದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ.

3. ಗಾಳಿ

ಟೈರಿನ ಬದಿಯಲ್ಲಿ ಬರೆದಿರುವ ದೊಡ್ಡ ಅಂಕಿ ಗರಿಷ್ಠ ಮಿತಿ. ಅಷ್ಟೂ ತುಂಬಿಸಿ ಎಂದು ಅರ್ಥವಲ್ಲ. ಕಲ್ಲಿನ ಹಾಗೆ ಗಟ್ಟಿಯಾದ ಟೈರು ಮಣ್ಣು ದಾರಿಯಲ್ಲಿ ಹಿಡಿತ ಬಿಡುತ್ತದೆ, ಸಣ್ಣ ಬೇರು ಸಿಕ್ಕರೂ ಎಗರುತ್ತದೆ. ನೀವು 65–70 ಕೆ.ಜಿ. ಇದ್ದು, ಟೈರು 2.1ರಿಂದ 2.3 ಇಂಚು ಅಗಲವಿದ್ದು, ಒಳಗೆ ಟ್ಯೂಬ್ ಇದ್ದರೆ ಮುಂದೆ 28, ಹಿಂದೆ 30–32 ಪಿಎಸ್‌ಐಯಿಂದ (ಪಂಪಿನ ಮೀಟರ್ ತೋರಿಸುವ ಗಾಳಿ ಒತ್ತಡದ ಅಳತೆ) ಶುರು ಮಾಡಿ. ಟ್ಯೂಬ್‌ಲೆಸ್ ಆದರೆ ಇನ್ನೂ ನಾಲ್ಕೈದು ಇಳಿಸಬಹುದು. ಟ್ಯೂಬ್ ಇದ್ದಾಗ ತೀರಾ ಇಳಿಸಿದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿಕೊಂಡು ಅಕ್ಕಪಕ್ಕ ಎರಡು ತೂತು ಬೀಳುತ್ತವೆ.

ಪೆಟ್ರೋಲ್ ಬಂಕಿನಲ್ಲಿ ಗಾಳಿ ಹೊಡೆಸುವ ಅಡ್ಡದಾರಿ ಬೇಡ. ತೆಳು ಮೂತಿಯ ವಾಲ್ವ್ ಇದ್ದರೆ ಅಲ್ಲಿನ ಪೈಪ್ ಕೂರುವುದೇ ಇಲ್ಲ, ಕೂತರೂ ಕ್ಷಣದಲ್ಲಿ ಅಂಕಿ ಎಲ್ಲೋ ಹೋಗಿರುತ್ತದೆ. ಮೀಟರ್ ಇರುವ ಕಾಲ್ಪಂಪ್ ಒಂದು ಮನೆಯಲ್ಲಿರಲಿ.

4. ಬಟ್ಟೆ, ನೀರು, ಏರು

ತೆಳು ಜಾಕೆಟ್ ಸಾಕು, ಹತ್ತು ನಿಮಿಷದಲ್ಲಿ ಅದನ್ನೂ ಬಿಚ್ಚುತ್ತೀರಿ. ಕಪ್ಪು ಕನ್ನಡಕ ಬೇಡ, ಮರದ ನೆರಳಿನಲ್ಲಿ ಗುಂಡಿ ಕಾಣುವುದಿಲ್ಲ. ಚಳಿ ಎಂದು ನೀರು ಕುಡಿಯುವುದನ್ನು ಬಿಡಬೇಡಿ. ಏರು ಬರುವ ಮೊದಲೇ ಗೇರ್ ಇಳಿಸಿ, ಸೀಟಿನ ಮೂತಿಗೆ ಜರುಗಿ ಕೂತು ತುಳಿಯಿರಿ.

5. ಇಳಿಯುವುದು

ಇಲ್ಲಿ ನಿಧಾನವಾಗಿ ಓದಿ.

ಮೊದಲು ನೆಲ ಹೇಗಿದೆ ತಿಳಿಯಿರಿ. ಮಳೆ ನಿಂತು ತಿಂಗಳಾದ ಮೇಲೆ ಗರಸು ಮಣ್ಣಿನ ಮೇಲ್ಪದರ ಬಿಟ್ಟುಕೊಳ್ಳುತ್ತದೆ. ರಾಗಿ ಚೆಲ್ಲಿದ ನೆಲದ ಮೇಲೆ ಕಾಲಿಟ್ಟರೆ ಜಾರುವ ಹಾಗೆ ಚಕ್ರ ಜಾರುತ್ತದೆ. ಅದರ ಮೇಲೆ ತರಗೆಲೆ. ನೀಲಗಿರಿ ತೋಪಿನಲ್ಲಿ ಬೆಳಗ್ಗೆ ಏಳಕ್ಕೆ ಒಂದು ಹಿಡಿ ಎಲೆ ಎತ್ತಿ ನೋಡಿ. ಮೇಲಿನದು ಇಬ್ಬನಿಗೆ ಒದ್ದೆ, ಅಡಿಯದು ಒಣಗಿ ಪುಡಿ, ಅದರ ಕೆಳಗೆ ಬೋಳು ಬಂಡೆ. ಎಲೆಯ ಪದರಗಳು ಒಂದರ ಮೇಲೊಂದು ಸರಿಯುತ್ತವೆ. ಬೇರು, ಕಲ್ಲು, ಕೊರಕಲು ಎಲ್ಲ ಅಡಿಯಲ್ಲಿ ಅಡಗಿರುತ್ತವೆ. ಒಂಬತ್ತರ ಹೊತ್ತಿಗೆ ಒದ್ದೆ ಆರುತ್ತದೆ. ಹೊಸಬರು ಆಮೇಲೆ ಹೋಗುವುದು ವಾಸಿ.

ಇಳಿಜಾರಿನ ತಲೆಯಲ್ಲಿ ನಿಲ್ಲಿ. ಸೀಟನ್ನು ನಾಲ್ಕೈದು ಬೆರಳಿನಷ್ಟು ಇಳಿಸಿ. ಸೀಟಿನ ಕ್ಲ್ಯಾಂಪ್ ಇರುವುದೇ ಅದಕ್ಕೆ. ಇಷ್ಟಕ್ಕೆ ಸೋಮಾರಿತನ ಮಾಡುವವರೇ ಹೆಚ್ಚು. ಎತ್ತರದ ಸೀಟು ಹಿಂದಿನಿಂದ ಒದ್ದಾಗಲೇ ಜನ ಹ್ಯಾಂಡಲ್ ಮೇಲಿಂದ ಮಕಾಡೆ ಬೀಳುವುದು.

ಈಗ ಎದ್ದು ನಿಲ್ಲಿ. ಎರಡೂ ಪೆಡಲ್ ನೆಲಕ್ಕೆ ಸಮನಾಗಿ, ಒಂದು ಮುಂದೆ ಒಂದು ಹಿಂದೆ. ಒಂದು ಕೆಳಗಿದ್ದರೆ ಕಲ್ಲಿಗೆ ತಗಲುತ್ತದೆ. ಹಿಮ್ಮಡಿ ತುಸು ಕೆಳಕ್ಕೆ. ಮಂಡಿ ಸಡಿಲ. ಮೊಣಕೈ ಹೊರಕ್ಕೆ ಬಾಗಿರಲಿ, ಎದೆ ತಗ್ಗಿರಲಿ, ಸೊಂಟ ಸ್ವಲ್ಪ ಹಿಂದಕ್ಕೆ. ಸ್ವಲ್ಪ ಅಂದರೆ ಸ್ವಲ್ಪವೇ. ವಿಡಿಯೋ ನೋಡಿ ಬಂದವರು ಹಿಂದಿನ ಚಕ್ರದ ಮೇಲೆ ಜೋತುಬೀಳುತ್ತಾರೆ. ಆಗ ಮುಂದಿನ ಚಕ್ರದ ಮೇಲೆ ಭಾರವೇ ಇರುವುದಿಲ್ಲ. ಹ್ಯಾಂಡಲ್ ತಿರುಗಿಸಿದರೂ ಸೈಕಲ್ ತಿರುಗದೆ ಸೀದಾ ಪೊದೆಗೆ ಹೋಗುತ್ತದೆ. ಸರಿಯಾಗಿ ನಿಂತಿದ್ದೀರಾ ಎಂದು ತಿಳಿಯಲು ಒಂದು ಪರೀಕ್ಷೆ ಇದೆ. ಸಮತಟ್ಟಿನಲ್ಲಿ ನಿಧಾನ ಹೋಗುವಾಗ ಬೆರಳುಗಳನ್ನು ಹ್ಯಾಂಡಲ್ ಮೇಲೆ ಆಡಿಸಲು ಆಗಬೇಕು. ಮೈಭಾರ ಪಾದದ ಮೇಲಿದ್ದರೆ ಕೈ ಹಗುರ ಇರುತ್ತದೆ.

ಇನ್ನು ಬ್ರೇಕು. ನಮ್ಮಲ್ಲಿ ಮಾರುವ ಬಹುಪಾಲು ಸೈಕಲ್‌ಗಳಲ್ಲಿ ಬಲಗೈಯದು ಮುಂದಿನ ಬ್ರೇಕು. ಹೊರದೇಶದಿಂದ ತಂದದ್ದಾದರೆ ಉಲ್ಟಾ ಇರಬಹುದು. ಬೇರೆಯವರ ಸೈಕಲ್ ಹತ್ತಿದಾಗ ಮೊದಲು ಇದನ್ನೇ ನೋಡಿ. "ಮುಂದಿನ ಬ್ರೇಕ್ ಮುಟ್ಟಲೇಬೇಡ" ಎಂದು ಚಿಕ್ಕಂದಿನಲ್ಲಿ ಹೇಳಿಕೊಟ್ಟಿರುತ್ತಾರೆ, ಅಲ್ವಾ? ಅದನ್ನು ಮರೆತುಬಿಡಿ. ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಕ್ಕೆ ಬರುವುದರಿಂದ ನಿಲ್ಲಿಸುವ ಶಕ್ತಿ ಇರುವುದು ಮುಂದಿನ ಚಕ್ರದಲ್ಲೇ. ನಂಬಿಕೆ ಬರದಿದ್ದರೆ ಮೈದಾನದಲ್ಲಿ ಒಂದು ಚಪ್ಪಲಿ ಇಟ್ಟು, ಒಂದೇ ವೇಗದಲ್ಲಿ ಬಂದು ಅದರ ಹತ್ತಿರ ಬ್ರೇಕ್ ಹಿಡಿಯಿರಿ. ಮೊದಲು ಹಿಂದಿನದು ಮಾತ್ರ. ಚಕ್ರ ಕಚ್ಚಿ ಉದ್ದ ಗೆರೆ ಎಳೆಯುತ್ತದೆ. ಆಮೇಲೆ ಎರಡೂ ಸೇರಿಸಿ, ಮುಂದಿನದನ್ನು ಮೆಲ್ಲಗೆ ಒತ್ತುತ್ತಾ ಹೋಗಿ. ಎಷ್ಟು ಮೊದಲೇ ನಿಲ್ಲುತ್ತೀರಿ ನೋಡಿ. ಕಾಡಿಗೆ ಹೋಗುವ ಮುಂಚೆ ಒಂದು ಸಂಜೆ ಇದನ್ನೇ ಮಾಡಿ.

ಇಳಿಜಾರಿನಲ್ಲಿ ಬ್ರೇಕಿಗೆ ಒಂದೇ ಬೆರಳು, ತೋರುಬೆರಳು. ಉಳಿದ ಮೂರು ಹ್ಯಾಂಡಲ್ ಹಿಡಿದಿರಲಿ. ನಾಲ್ಕೂ ಬೆರಳು ಬ್ರೇಕಿನ ಮೇಲಿದ್ದರೆ ಹೆದರಿಕೆಗೆ ಹಿಂಡಿಯೇ ಹಿಂಡುತ್ತೀರಿ. ಗಟ್ಟಿ ನೆಲ ಸಿಕ್ಕ ಕಡೆ ಬ್ರೇಕ್ ಹಿಡಿದು ವೇಗ ಇಳಿಸಿಕೊಳ್ಳಿ. ತರಗೆಲೆ, ಸಡಿಲ ಜಲ್ಲಿ, ಒದ್ದೆ ಬೇರು ಬಂದಾಗ ಬಿಟ್ಟುಬಿಡಿ. ಅಲ್ಲಿ ಬ್ರೇಕೂ ಬೇಡ, ಹ್ಯಾಂಡಲ್ ತಿರುಗಿಸುವುದೂ ಬೇಡ, ನೇರ ದಾಟಿ. ಬೇರು ದಾರಿಗೆ ಓರೆಯಾಗಿ ಮಲಗಿದ್ದರೆ ಚಕ್ರ ಅದರ ಉದ್ದಕ್ಕೂ ಜಾರುತ್ತದೆ, ಆದಷ್ಟು ಅಡ್ಡಲಾಗಿ ಹಾಯಿರಿ. ತಿರುವು ಬಂದರೆ ಅದಕ್ಕೂ ಮೊದಲೇ ಬ್ರೇಕ್ ಮುಗಿಸಿ, ತಿರುವಿನ ಹೊರಬದಿಯ ಪೆಡಲ್ ಕೆಳಗಿಟ್ಟು ಅದರ ಮೇಲೆ ಭಾರ ಹಾಕಿ. ತಿರುವಿನ ನಡುವೆ ಮುಂದಿನ ಬ್ರೇಕ್ ಹಿಡಿದಿರೋ, ಮೊಣಕೈ ಸಿಪ್ಪೆ ಸುಲಿಯುತ್ತದೆ.

ಕಣ್ಣು ನಾಲ್ಕೈದು ಮೀಟರ್ ಮುಂದಿರಲಿ, ವೇಗ ಹೆಚ್ಚಿದಷ್ಟೂ ಇನ್ನೂ ಮುಂದೆ. ಕಲ್ಲನ್ನು ನೋಡಿದರೆ ಕಲ್ಲಿಗೇ ಹೋಗುತ್ತೀರಿ. ಪಕ್ಕದ ಖಾಲಿ ಜಾಗ ನೋಡಿ.

ಧೈರ್ಯ ಸಾಲದಿದ್ದರೆ ಇಳಿದು ನಡೆಯಿರಿ. ಹಿಂದಿನ ಚಕ್ರ ಎಳೆದುಕೊಂಡು ಜಾರುತ್ತಾ ಇಳಿಯುವುದಕ್ಕಿಂತ ಅದು ಎಷ್ಟೋ ಮೇಲು. ಆ ಗೆರೆಗಳೇ ಮುಂದಿನ ಮಳೆಗಾಲಕ್ಕೆ ಕೊರಕಲಾಗುವುದು.

6. ಮುಳ್ಳು

ಜಾಲಿ ಮುಳ್ಳು ಚುಚ್ಚೇ ಚುಚ್ಚುತ್ತದೆ. ಒಂದು ಟ್ಯೂಬ್, ರಿಮ್ಮಿನಿಂದ ಟೈರು ಬಿಡಿಸುವ ಎರಡು ಟೈರ್ ಲಿವರ್, ಕೈಪಂಪ್ ಬ್ಯಾಗಿನಲ್ಲಿರಲಿ. ಹೊಸ ಟ್ಯೂಬ್ ಹಾಕುವ ಮುಂಚೆ ಟೈರಿನ ಒಳಗೆ ಬಟ್ಟೆ ಆಡಿಸಿ, ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿದೆ ಮುಳ್ಳಿನ ತುದಿ. ಕಿತ್ತುಹಾಕಿ. ಇದನ್ನು ಮರೆತು ಹೊಸ ಟ್ಯೂಬಿಗೂ ಅಲ್ಲೇ ತೂತು ಮಾಡಿಕೊಂಡವರು ಸೈಕಲ್ ಹೊತ್ತುಕೊಂಡು ಬರುವುದನ್ನು ಬೇಕಾದಷ್ಟು ನೋಡಿದ್ದೇನೆ.

7. ಮನೆಗೆ ಬಂದ ಮೇಲೆ

ಒಣ ಧೂಳಿಗೆ ಬ್ರಷ್ ಸಾಕು, ಸರ್ವಿಸ್ ಸ್ಟೇಷನ್ನಿನ ವಾಟರ್ ಜೆಟ್ ಬೇಡ. ಬೇರಿಂಗ್ ಒಳಗೆ ನೀರು ಹೊಕ್ಕರೆ ತಿಂಗಳಲ್ಲೇ ಕರಕರ ಸದ್ದು. ಚೈನಿಗೆ ಅಡುಗೆ ಎಣ್ಣೆ, ಹಳೆ ಎಂಜಿನ್ ಆಯಿಲ್ ಹಾಕುವವರಿದ್ದಾರೆ. ಅದಕ್ಕೆ ಧೂಳು ಅಂಟಿ ಚೈನನ್ನೇ ಸವೆಸುತ್ತದೆ. ಸೈಕಲ್ ಅಂಗಡಿಯಲ್ಲಿ ಸಿಗುವ ಡ್ರೈ ಲ್ಯೂಬ್ (ಒಣ ದಾರಿಗೆಂದೇ ಇರುವ ಚೈನ್ ಎಣ್ಣೆ) ಕೊಂಡು ಕೊಂಡಿಗೊಂದು ಹನಿ ಬಿಡಿ, ಐದು ನಿಮಿಷ ಬಿಟ್ಟು ಹೊರಗಿನದನ್ನು ಒರೆಸಿ. ಡಿಸ್ಕಿನ ಹತ್ತಿರ ಮಾತ್ರ ಯಾವ ಸ್ಪ್ರೇಯನ್ನೂ ಒಯ್ಯಬೇಡಿ. ಒಂದು ಹನಿ ಸಿಡಿದರೂ ಬ್ರೇಕ್ ಪ್ಯಾಡ್ ಹಾಳಾಗಿ, ಮುಂದಿನ ಭಾನುವಾರ ಬ್ರೇಕ್ ಕಿರುಚುತ್ತದೆ, ಹಿಡಿಯುವುದಿಲ್ಲ.