ವರ್ಷದ ಜೋಳ, ವರ್ಷದ ಬೇಳೆ: ಹೊಲದಲ್ಲಿ ಮನೆ ಹೂಡುವವರಿಗೆ

ಪಟ್ಟಣ ಬಿಟ್ಟು ಹೊಲಕ್ಕೆ ಬಂದು, ತಮ್ಮ ಊಟ ತಾವೇ ಬೆಳೆದುಕೊಳ್ಳಬೇಕು ಅನ್ನುವ ಹುಡುಗರು ನಮ್ಮ ಕಲಬುರಗಿ ಕಡೆಯೂ ಇದ್ದಾರೆ. ನನ್ನ ಹತ್ತಿರ ಬಂದವರು ಸಾಮಾನ್ಯವಾಗಿ ಮೊದಲು ಕೇಳುವುದು ಆಕಳ ವಿಷಯ. ಯಾವ ತಳಿ, ಎಷ್ಟು ಹಾಲು, ಎಷ್ಟು ರೊಕ್ಕ ಅಂತ. ಆಕಳು ಆಮೇಲೆ ಬರಲಿ ಅಂತ ಹೇಳುತ್ತೇನೆ. ಮೊದಲು ವರ್ಷದ ಜೋಳ, ವರ್ಷದ ಬೇಳೆ ಮನೆಯೊಳಗೆ ಬರಬೇಕು. ಬಂದದ್ದು ಮುಂದಿನ ಸುಗ್ಗಿಯ ರಾಶಿಯ ತನಕ ನುಸಿ ಹಿಡಿಯದೆ ಉಳಿಯಬೇಕು. ಇಷ್ಟು ಕೈವಶ ಆದರೆ ಮಿಕ್ಕದ್ದನ್ನು ನಿಧಾನಕ್ಕೆ ಕೂಡಿಸಿಕೊಳ್ಳಬಹುದು.

ನಾವಿರುವುದು ಕಮಲಾಪುರ ತಾಲ್ಲೂಕಿನಲ್ಲಿ, ಹುಮನಾಬಾದ್ ರಸ್ತೆಯಿಂದ ಸ್ವಲ್ಪ ಒಳಗೆ. ನಾನು, ನನ್ನ ಗಂಡ, ಇಬ್ಬರು ಸಣ್ಣ ಮಕ್ಕಳು, ನಮ್ಮತ್ತೆ. ಒಟ್ಟು ಮೂರು ಎಕರೆ. ಅದರಲ್ಲಿ ಎರಡು ಎಕರೆ ಎರೆಹೊಲ (ಕಪ್ಪು ಮಣ್ಣು), ಒಂದು ಎಕರೆ ಕೆಂಪು ಮಸಾರಿ. ನೀರಾವರಿ ಇಲ್ಲ, ಎಲ್ಲಾ ಮಳೆ ಮೇಲೇ.

ತಟ್ಟೆಯಿಂದ ಲೆಕ್ಕ ಶುರು ಮಾಡಿ

ಬೀಜ ತರುವ ಮೊದಲು ಒಂದು ತಿಂಗಳು ಮನೆಯಲ್ಲಿ ಏನೇನು ಎಷ್ಟು ತಿನ್ನುತ್ತೀರಿ ಅಂತ ಬರೆದಿಡಿ. ನಮ್ಮ ಮನೆಯಲ್ಲಿ ಎರಡು ಹೊತ್ತು ರೊಟ್ಟಿ ಆಗುತ್ತದೆ. ದಿನಕ್ಕೆ ಒಂದು ಕೆಜಿ ಹಿಟ್ಟು ಬೇಕು. ವರ್ಷಕ್ಕೆ ನಾಲ್ಕು ಕ್ವಿಂಟಲ್ ಜೋಳ ಅಂತ ಹಿಡಿಯಿರಿ. ಬೇಳೆ ತಿಂಗಳಿಗೆ ನಾಲ್ಕು ಕೆಜಿ, ವರ್ಷಕ್ಕೆ 50 ಕೆಜಿ. ಮನೆಯಲ್ಲಿ ಒಡೆದರೆ ಒಂದು ಕ್ವಿಂಟಲ್ ತೊಗರಿಗೆ 65–70 ಕೆಜಿ ಬೇಳೆ ಸಿಗುತ್ತದೆ. ಬೀಜಕ್ಕೂ ಬಂದುಹೋಗುವ ನೆಂಟರಿಗೂ ಸೇರಿಸಿ ಒಂದು ಕ್ವಿಂಟಲ್ ತೊಗರಿ ಎತ್ತಿಟ್ಟರೆ ಸಾಕು.

ಮಳೆ ಕೈಕೊಡದ ವರ್ಷ ಒಂದು ಎಕರೆ ಎರೆಯಲ್ಲಿ ನಾಲ್ಕೈದು ಕ್ವಿಂಟಲ್ ಬಿಳಿಜೋಳ ಬರುತ್ತದೆ. ತೊಗರಿಯೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಒಂದು ಎಕರೆ ಜೋಳ ಪೂರ್ತಿ ಮನೆಗೆ. ಒಂದು ಎಕರೆ ತೊಗರಿಯಲ್ಲಿ ಕಾಲು ಭಾಗ ಮನೆಗೆ, ಮಿಕ್ಕದ್ದು ಮಾರಾಟಕ್ಕೆ. ಹತ್ತು ಎಕರೆ ಇಲ್ಲದೆ ಇದೆಲ್ಲ ಆಗುವುದಿಲ್ಲ ಅಂತ ಹಿಂಜರಿಯುವವರು ಈ ಲೆಕ್ಕ ಒಮ್ಮೆ ಹಾಕಿ ನೋಡಬೇಕು.

ಹೊಲ

ತೊಗರಿಯನ್ನು ಜೂನ್‌ನ ಮಿರಗದ (ಮೃಗಶಿರ) ಮಳೆ ಚೆನ್ನಾಗಿ ಬಿದ್ದ ಮೇಲೆ ಬಿತ್ತಿ. ಜುಲೈ ಅರ್ಧ ದಾಟಿಸಬೇಡಿ. ಎಕರೆಗೆ 4–5 ಕೆಜಿ ಬೀಜ, ಸಾಲಿನಿಂದ ಸಾಲಿಗೆ ಮೂರು ಅಡಿ. ನೆಟೆ ರೋಗ (ಗಿಡ ಬಾಡಿ ಒಣಗುವ ರೋಗ) ಇರುವ ಹೊಲಕ್ಕೆ ಟಿಎಸ್-3ಆರ್ ತರಹದ, ಆ ರೋಗ ತಡೆಯುವ ತಳಿ ಹಾಕಿ, ಬೀಜಕ್ಕೆ ಟ್ರೈಕೋಡರ್ಮಾ (ರೋಗದ ಬೂಷ್ಟನ್ನು ತಡೆಯುವ ಒಳ್ಳೆ ಬೂಷ್ಟಿನ ಪುಡಿ) ಲೇಪಿಸಿ. ಬೀಜ, ಟ್ರೈಕೋಡರ್ಮಾ ಎಲ್ಲಿ ಸಿಗುತ್ತದೆ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ಅಥವಾ ಕಲಬುರಗಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ. ಐವತ್ತು ದಿನದ ಹೊತ್ತಿಗೆ ಕುಡಿ ಚಿವುಟಿದರೆ ಗಿಡ ಅಗಲಕ್ಕೆ ಟಿಸಿಲೊಡೆಯುತ್ತದೆ. ಆ ಕೆಲಸಕ್ಕೆ ನಾವು ಮಕ್ಕಳನ್ನೂ ಕರೆದುಕೊಂಡು ಹೋಗುತ್ತೇವೆ.

ತೊಗರಿ ಬೀಜದ ಜೊತೆ ಎಕರೆಗೆ ನೂರು ಗ್ರಾಂ ಜೋಳ ಬೆರೆಸಿ. ತೊಗರಿ ಮಧ್ಯೆ ಅಲ್ಲಲ್ಲಿ ಎದ್ದ ಜೋಳದ ದಂಟಿನ ಮೇಲೆ ಹಕ್ಕಿ ಬಂದು ಕೂರುತ್ತವೆ, ಕಾಯಿಕೊರಕ ಹುಳವನ್ನು ಆರಿಸಿ ತಿನ್ನುತ್ತವೆ. 1997–98ರ ಹಂಗಾಮಿನಲ್ಲಿ ಈ ಹುಳ ನಮ್ಮ ಭಾಗದ ತೊಗರಿಯನ್ನು ನುಂಗಿಹಾಕಿತ್ತು. ಎಷ್ಟೋ ಮನೆ ಸಾಲದಲ್ಲಿ ಮುಳುಗಿದವು. ಆಮೇಲಿನ ವರ್ಷಗಳಲ್ಲಿ ಗಿಡ ಅಲ್ಲಾಡಿಸುವ ಪದ್ಧತಿ ಊರೂರಿಗೆ ಹಬ್ಬಿತು. ಈಗ ಔಷಧಿ ಅಂಗಡಿಗಳು ಜಾಸ್ತಿಯಾಗಿ ಅದನ್ನು ಮರೆಯುತ್ತಿದ್ದಾರೆ, ನನಗೆ ಅದೇ ಸಂಕಟ. ಕಾಯಿ ಕಟ್ಟುವಾಗ ಇಬ್ಬರು ಹಳೇ ಸೀರೆಯನ್ನೋ ತಾಡಪತ್ರಿಯನ್ನೋ ಸಾಲಿನ ಮಧ್ಯೆ ಎಳೆಯುತ್ತಾ ಹೋಗಿ, ಇನ್ನೊಬ್ಬರು ಗಿಡವನ್ನು ಮೆಲ್ಲಗೆ ಒದರಲಿ. ಹಸಿರು ಹುಳ ತಪತಪ ಉದುರುತ್ತವೆ. ತಂದು ಕೋಳಿ ಮುಂದೆ ಸುರಿಯಿರಿ. ಒಂದು ಎಕರೆಗೆ ಒಂದು ಬೆಳಗ್ಗೆ ಸಾಕು.

ಇನ್ನೊಂದು ಎಕರೆ ಎರೆಗೆ ಮುಂಗಾರಿಗೆ ಹೆಸರು, ಹಿಂಗಾರಿಗೆ ಜೋಳ. ಹೆಸರು ಎರಡು ತಿಂಗಳ ಬೆಳೆ, ಆಗಸ್ಟ್‌ನಲ್ಲಿ ಕೈಗೆ ಬರುತ್ತದೆ. ಬೇರು ಭೂಮಿಗೆ ಸಾರ ಬಿಟ್ಟು ಹೋಗುತ್ತದೆ. ಆಮೇಲೆ ಎರಡು ಸಲ ಕುಂಟೆಯಿಂದ ಹರಗಿ, ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಅರ್ಧದ ಒಳಗೆ ಮಾಲದಂಡಿ ಜೋಳ ಬಿತ್ತಿ, ಎಕರೆಗೆ ಮೂರು ಕೆಜಿ. ಹೊಲದ ಸುತ್ತ ನಾಲ್ಕು ಸಾಲು ಕುಸುಬಿ ಹಾಕಿ. ಅದರ ಮುಳ್ಳಿಗೆ ದನ ಒಳಗೆ ನುಗ್ಗುವುದಿಲ್ಲ, ಬಂದ ಕುಸುಬಿಯನ್ನು ಗಾಣಕ್ಕೆ ಕೊಟ್ಟರೆ ಅಡುಗೆಗೆ ಎಣ್ಣೆ ಆಗುತ್ತದೆ. ಮಸಾರಿಯಲ್ಲಿ ನಮ್ಮ ಮನೆ, ಹಿತ್ತಲ, ಒಂದಿಷ್ಟು ಶೇಂಗಾ, ಸಜ್ಜೆ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು (ಹೊಲದಲ್ಲಿ ಭೂಮಿತಾಯಿಗೆ ಎಡೆ ಕೊಡಲು) ಬೇಕಾದ ಸಜ್ಜೆ ಅಲ್ಲಿಂದಲೇ ಬರುತ್ತದೆ.

ಬೇಳೆ ಮಾಡುವುದು

ನಮ್ಮ ತೊಗರಿ ಬೇಳೆಗೆ 2019ರಲ್ಲಿ ‘ಗುಲಬರ್ಗಾ ತೊಗರಿ ಬೇಳೆ’ ಅಂತ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದೆ. ಆದರೆ ತೊಗರಿ ಬೆಳೆಯುವ ಮನೆಗಳೇ ತೊಗರಿ ಮಾರಿ, ಅಂಗಡಿಯಿಂದ ಬೇಳೆ ಕೊಳ್ಳುತ್ತವೆ. ಇದು ನನಗೆ ಸಹಿಸಲಾಗದ ವಿಷಯ. ಮನೆಯಲ್ಲಿ ಬೇಳೆ ಮಾಡುವುದು ಕಷ್ಟ ಅಲ್ಲ, ಬಿಸಿಲು ಚೆನ್ನಾಗಿರಬೇಕು ಅಷ್ಟೆ. ಫೆಬ್ರುವರಿ, ಮಾರ್ಚ್ ಒಳ್ಳೆ ಕಾಲ. ನನಗೆ ಇದನ್ನು ಕಲಿಸಿದ್ದು ನಮ್ಮತ್ತೆ.

ಒಂದು ಸಲಕ್ಕೆ ಹತ್ತು ಕೆಜಿ ತೊಗರಿ ತೆಗೆದುಕೊಳ್ಳಿ. ಕಲ್ಲು, ಮುರುಕು, ಜೊಳ್ಳು ಎಲ್ಲಾ ಮೊರದಲ್ಲಿ ಕೇರಿ ತೆಗೆಯಿರಿ. ಸಂಜೆ ನೀರಲ್ಲಿ ನೆನೆಹಾಕಿ ಬೆಳಗ್ಗೆ ಬಸಿಯಿರಿ. ಅಷ್ಟರಲ್ಲಿ ಅರ್ಧ ಕೆಜಿ ಕೆಮ್ಮಣ್ಣನ್ನು ಬಟ್ಟೆಯಲ್ಲಿ ಸೋಸಿ, ನೀರು ಹಾಕಿ ಗಟ್ಟಿ ರಾಡಿ ಮಾಡಿಟ್ಟುಕೊಳ್ಳಿ. ಗೊಬ್ಬರ, ಔಷಧಿ ಬಿದ್ದ ಹೊಲದ ಮಣ್ಣು ಬೇಡ. ಬೀಳು ನೆಲದಲ್ಲಿ ಒಂದು ಮೊಳ ಅಗೆದು ಒಳಗಿನ ಮಣ್ಣು ತೆಗೆಯಿರಿ. ಬಸಿದ ತೊಗರಿಗೆ ಈ ರಾಡಿ ಸುರಿದು ಎರಡೂ ಕೈಯಿಂದ ಕಲಸಿ. ಪ್ರತಿ ಕಾಳಿನ ಮೈಗೂ ಮಣ್ಣು ಹತ್ತಬೇಕು. ಆಮೇಲೆ ಗುಡ್ಡೆ ಮಾಡಿ, ಗೋಣಿಚೀಲ ಮುಚ್ಚಿ ಮಾರನೇ ಬೆಳಗ್ಗೆ ತನಕ ಬಿಡಿ.

ಮಾರನೇ ದಿನ ಮಾಳಿಗೆ ಮೇಲೆ ತೆಳ್ಳಗೆ ಹರವಿ. ಶಹಾಬಾದ್ ಕಲ್ಲಿನ ಅಂಗಳ ಇದ್ದರೆ ಇನ್ನೂ ಒಳ್ಳೆಯದು, ಕಲ್ಲು ಕಾದು ಕೆಳಗಿನಿಂದಲೂ ಒಣಗುತ್ತದೆ. ಮಧ್ಯಾಹ್ನ ಒಮ್ಮೆ ಕಾಲಿಂದ ಗೀರಿ ತಿರುವಿ. ರಾತ್ರಿ ಗುಡ್ಡೆ ಮಾಡಿ ಮುಚ್ಚಿ. ಮೂರು ದಿನದ ಬಿಸಿಲು ಬೇಕು. ನೆನೆದು ಉಬ್ಬಿದ ಕಾಳು ಒಣಗುತ್ತಾ ಒಳಗೆ ಕುಗ್ಗುತ್ತದೆ, ಮಣ್ಣು ಸಿಪ್ಪೆಯ ನೀರು ಎಳೆಯುತ್ತದೆ, ಸಿಪ್ಪೆಗೂ ಬೇಳೆಗೂ ನಡುವಿನ ಅಂಟು ಬಿಡುತ್ತದೆ. ಒಂದು ಕಾಳು ಹಲ್ಲಲ್ಲಿ ಇಟ್ಟು ಕಡಿಯಿರಿ. ಕಟಕ್ ಅಂತ ಎರಡು ಹೋಳಾದರೆ ಒಣಗಿದೆ. ಮೆತ್ತಗೆ ಅದುಮಿದರೆ ಇನ್ನೊಂದು ಬಿಸಿಲು ಬೇಕು.

ಒಣಗಿದ ಮೇಲೆ ಗೋಣಿ ಮೇಲೆ ಹಾಕಿ ಉಜ್ಜಿ, ಜರಡಿ ಹಿಡಿದರೆ ಮಣ್ಣು ಉದುರುತ್ತದೆ. ಈಗ ಬೀಸುಕಲ್ಲಿಗೆ. ಜೋಳ ಬೀಸುವ ಹಾಗೆ ಕಲ್ಲನ್ನು ಬಿಗಿಯಾಗಿ ಕೂರಿಸಬೇಡಿ. ನಡುವಿನ ಗೂಟಕ್ಕೆ ಬಟ್ಟೆ ಸುತ್ತಿ ಮೇಲಿನ ಕಲ್ಲನ್ನು ಸ್ವಲ್ಪ ಎತ್ತಿ, ಒಂದೊಂದು ಹಿಡಿ ಹಾಕುತ್ತಾ ನಿಧಾನಕ್ಕೆ ತಿರುಗಿಸಿ. ಕೇರಿದರೆ ಸಿಪ್ಪೆ ಹಾರುತ್ತದೆ. ಒಡೆಯದೆ ಉಳಿದದ್ದನ್ನು ಇನ್ನೊಮ್ಮೆ ಹಾಕಿ. ನುಚ್ಚು ಕೋಳಿಗೆ, ಸಿಪ್ಪೆ ಮೇಕೆಗೆ. ಕೊನೆಗೆ ಬೇಳೆಗೆ ಕೆಜಿಗೆ ಒಂದು ಚಮಚದಷ್ಟು ಔಡಲ ಎಣ್ಣೆ (ಹರಳೆಣ್ಣೆ) ಹಚ್ಚಿ ಉಜ್ಜಿ ಡಬ್ಬಿಗೆ ತುಂಬಿ. ನುಸಿ ಹತ್ತಿರ ಸುಳಿಯುವುದಿಲ್ಲ. ಈ ಬೇಳೆ ಬೇಯಲು ಮಿಲ್ ಬೇಳೆಗಿಂತ ಸ್ವಲ್ಪ ಹೊತ್ತು ಜಾಸ್ತಿ ಹಿಡಿಯುತ್ತದೆ, ಬೇಯಿಸುವ ಮುಂಚೆ ಚೆನ್ನಾಗಿ ತೊಳೆದು ಅರ್ಧ ಗಂಟೆ ನೆನೆಸಿ.

ವರ್ಷದ ಬೇಳೆ ಒಮ್ಮೆಲೇ ಮಾಡಬೇಡಿ. ಮಳೆಗಾಲ ದಾಟಿಸುವಷ್ಟು ಮಾಡಿ. ಮಿಕ್ಕ ತೊಗರಿ ಹಾಗೇ ಇರಲಿ.

ಕೂಡಿಡುವುದು

ತೊಗರಿಯ ನುಸಿ ಹೊಲದಿಂದಲೇ ಬರುತ್ತದೆ. ಕಾಯಿ ಮೇಲೆ ಇಟ್ಟ ಮೊಟ್ಟೆ ಕಾಳಿನ ಜೊತೆ ಮನೆ ಸೇರುತ್ತದೆ. ಅದಕ್ಕೇ ರಾಶಿ ಆದ ತಕ್ಷಣ ಎರಡು ಮೂರು ಗಟ್ಟಿ ಬಿಸಿಲು ಕೊಟ್ಟು, ಕಾಳು ಆರಿದ ಮೇಲೆ ತುಂಬಬೇಕು. ಬಿಸಿ ಬಿಸಿ ತುಂಬಿದರೆ ಒಳಗೆ ಬೆವರು ಒಡೆಯುತ್ತದೆ. ನಾವು ಪತ್ರಾ (ತಗಡಿನ) ಕಣಜದಲ್ಲಿ ತುಂಬಿ, ಮೇಲೆ ಬಟ್ಟೆ ಹಾಸಿ, ಅದರ ಮೇಲೆ ಒಂದು ಇಂಚು ಒಣ ಮರಳು ಹರಡುತ್ತೇವೆ. ಹುಳಕ್ಕೆ ಮೇಲೆ ಬಂದು ಓಡಾಡಲು ದಾರಿ ಸಿಗುವುದಿಲ್ಲ. ಜೋಳಕ್ಕೆ ಒಣಗಿದ ಬೇವಿನ ಎಲೆ ಬೆರೆಸುತ್ತೇವೆ. ಕಣಜ ಹಲಗೆ ಮೇಲಿರಲಿ, ಗೋಡೆಗೆ ತಾಗಬಾರದು. ಹಿಂದೆ ಹಗೇವಿನಲ್ಲಿ (ನೆಲದೊಳಗೆ ತೋಡಿದ ಕಾಳಿನ ಗುಂಡಿಯಲ್ಲಿ) ಜೋಳ ಹಾಕಿ ಬರಗಾಲ ದಾಟುತ್ತಿದ್ದರು. ನೆಲದಲ್ಲಿ ಪಸೆ ಇರುವ ಕಡೆ ಅದನ್ನು ಈಗ ಹೊಸದಾಗಿ ತೋಡುವ ಗೋಜಿಗೆ ಹೋಗಬೇಡಿ.

ಜೋಳದ ಹಿಟ್ಟು ಹದಿನೈದು ದಿನಕ್ಕೆ ಆಗುವಷ್ಟು ಮಾತ್ರ ಬೀಸಿಸಿ. ಹಳೇ ಹಿಟ್ಟಿಗೆ ಜಿಗಿ ಇರುವುದಿಲ್ಲ, ರೊಟ್ಟಿ ತಟ್ಟುವಾಗ ಅಂಚು ಒಡೆಯುತ್ತದೆ.

ನೀರು, ಹಿತ್ತಲ, ಜೀವಗಳು

ಒಂದು ಚದರ ಮೀಟರ್ ಮಾಳಿಗೆ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಮ್ಮದು 600 ಚದರ ಅಡಿ, ಅಂದರೆ 56 ಚದರ ಮೀಟರ್. 700 ಮಿಮೀ ಮಳೆಗೆ 39,000 ಲೀಟರ್. ಸೋರಿ ಹೋಗುವುದನ್ನು ಬಿಟ್ಟರೂ 30,000 ಹಿಡಿಯಬಹುದು. ಕುಡಿಯಲು, ಅಡುಗೆಗೆ ಐದು ಜನಕ್ಕೆ ದಿನಕ್ಕೆ 30 ಲೀಟರ್ ಸಾಕು. ಫೆಬ್ರುವರಿಯಿಂದ ಜೂನ್ ತನಕ 4,500 ಲೀಟರ್ ಆಯಿತು. ಹಾಗಾಗಿ 5,000 ಲೀಟರಿನ ಮುಚ್ಚಿದ ತೊಟ್ಟಿ ಕಟ್ಟಿಸಿ. ಮೊದಲ ಮಳೆ ಹೊರಗೆ ಬಿಡಿ, ಆಮೇಲಿನದನ್ನು ಜಲ್ಲಿ, ಮರಳು, ಇದ್ದಿಲಿನ ಮೂಲಕ ಒಳಗೆ ಬಿಡಿ. ಕುಡಿಯುವ ನೀರನ್ನು ಕುದಿಸಿ ಆರಿಸಿ. ಮಕ್ಕಳಿರುವ ಮನೆ ಅಲ್ವಾ.

ಹಿತ್ತಲಿಗೆ ಪುಂಡಿ, ರಾಜಗಿರಿ, ಚವಳಿ, ಬದನೆ, ಹೀರೆ. ಬಚ್ಚಲ ನೀರು ಹರಿಯುವ ಕಡೆ ನುಗ್ಗೆ, ಕರಿಬೇವು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 42 ಡಿಗ್ರಿ ದಾಟುತ್ತದೆ, ಹಂದರ ಹಾಕಿದರೂ ಸೊಪ್ಪು ಬಾಡುತ್ತದೆ. ಆ ಎರಡು ತಿಂಗಳಿಗೆ ಒಣಗಿಸಿದ ಪುಂಡಿ, ಒಣ ಚವಳಿಕಾಯಿ, ಅಗಸಿ ಹಿಂಡಿ (ಚಟ್ನಿಪುಡಿ), ಶೇಂಗಾ ಹಿಂಡಿ ಇಟ್ಟುಕೊಳ್ಳಿ. ಬೇಸಿಗೆಯಲ್ಲಿ ತರಕಾರಿಗಾಗಿ ಬೋರ್ ಕೊರೆಸುವುದು ನನಗೆ ಸರಿ ಕಾಣುವುದಿಲ್ಲ.

ಮೊದಲು ಜವಾರಿ ಕೋಳಿ ತನ್ನಿ, ಆಮೇಲೆ ಎರಡು ಉಸ್ಮಾನಾಬಾದಿ ಮೇಕೆ. ಕೋಳಿಗೆ ರಾಣಿಖೇತ್ ರೋಗದ ಲಸಿಕೆ, ಮೇಕೆಗೆ ಮಳೆಗಾಲದ ಮುಂಚೆ ಲಸಿಕೆ ತಪ್ಪಿಸಬೇಡಿ. ಆಕಳ ಲೆಕ್ಕ ಬೇರೆ. ಒಂದು ದೇವಣಿ ಆಕಳಿಗೆ ದಿನಕ್ಕೆ ಆರೇಳು ಕೆಜಿ ಒಣ ಮೇವು ಅಂದರೂ ವರ್ಷಕ್ಕೆ ಎರಡೂವರೆ ಟನ್. ಒಂದು ಎಕರೆ ಜೋಳದ ಕಣಕಿ (ಒಣ ದಂಟು) ಅಷ್ಟು ಬರುವುದಿಲ್ಲ. ತೊಗರಿ ಹೊಟ್ಟು, ಶೇಂಗಾ ಬಳ್ಳಿ ಎಲ್ಲಾ ಸೇರಿಸಿದಾಗ ತೂಗುತ್ತದೆ. ಸ್ವಂತ ಮೇವಿನ ಬಣವಿ ಎದ್ದ ವರ್ಷ ಆಕಳು ತನ್ನಿ. ಮೇವು ಕೊಂಡು ಸಾಕಿದರೆ ಹಾಲಿನ ರೊಕ್ಕವೆಲ್ಲ ಮೇವಿಗೇ ಹೋಗುತ್ತದೆ.

ರೊಕ್ಕ

ಉಪ್ಪು, ಬೆಲ್ಲ, ಚಹಾಪುಡಿ, ಬಟ್ಟೆ, ಶಾಲೆ ಫೀಸು, ಆಸ್ಪತ್ರೆ. ಇದ್ಯಾವುದೂ ಹೊಲದಲ್ಲಿ ಬೆಳೆಯುವುದಿಲ್ಲ. ನನ್ನ ಗಂಡ ಇವತ್ತಿಗೂ ಕಲಬುರಗಿಗೆ ವೈರಿಂಗ್ ಕೆಲಸಕ್ಕೆ ಹೋಗುತ್ತಾರೆ, ಬಿತ್ತನೆ, ರಾಶಿ ಸಮಯಕ್ಕೆ ಮಾತ್ರ ನಿಲ್ಲುತ್ತಾರೆ. ಇಬ್ಬರೂ ಒಟ್ಟಿಗೆ ಕೆಲಸ ಬಿಡಬೇಡಿ. ತೊಗರಿ ಮಾರಿದ ರೊಕ್ಕದಲ್ಲಿ ಮುಂದಿನ ವರ್ಷದ ಬಿತ್ತನೆ ಖರ್ಚು ಮೊದಲೇ ಎತ್ತಿಡಿ. ಮಳೆ ಕೈಕೊಟ್ಟ ವರ್ಷ ಸಾಲದ ಬಾಗಿಲಿಗೆ ಹೋಗದಂತೆ ಕಾಯುವುದು ಅದೇ.

ಹೊಲ ಇನ್ನೂ ಕೈಗೆ ಬಂದಿಲ್ಲ, ಬಾಡಿಗೆ ಮನೆಯಲ್ಲಿದ್ದೀರಿ ಅಂದರೂ ಸುಮ್ನೆ ಕೂರಬೇಕಿಲ್ಲ. ಜನವರಿಯಲ್ಲಿ ಪರಿಚಯದ ರೈತರ ಕಣದಿಂದ ಅರ್ಧ ಕ್ವಿಂಟಲ್ ತೊಗರಿ, ಫೆಬ್ರುವರಿ ಕೊನೆಗೆ ಒಂದು ಚೀಲ ಜೋಳ ತನ್ನಿ. ಮಾಳಿಗೆ ಮೇಲೆ ಬಿಸಿಲು ಎಲ್ಲರಿಗೂ ಇದೆ. ಹತ್ತು ಕೆಜಿ ಬೇಳೆ ಮಾಡಿ ನೋಡಿ, ಮಿಕ್ಕದ್ದನ್ನು ಮರಳು ಮುಚ್ಚಿ ಇಡಿ. ಶ್ರಾವಣದಲ್ಲಿ ಮುಚ್ಚಳ ತೆಗೆದು ಒಂದು ಹಿಡಿ ಕಾಳು ಬಿಳಿ ಬಟ್ಟೆ ಮೇಲೆ ಹರವಿ. ತೂತು ಬಿದ್ದ ಕಾಳು ಕಂಡರೆ ಒಣಗಿಸಿದ್ದು ಸಾಲದು ಅಂತ ಅರ್ಥ. ಮಳೆ ಬಿಟ್ಟ ದಿನ ಪೂರ್ತಿ ಹೊರಗೆ ತೆಗೆದು ಒಣಗಿಸಿ, ಜರಡಿ ಹಿಡಿದು ಮತ್ತೆ ತುಂಬಿ.