ಅಲಾರಂ ಹೊಡೆದ್ರೆ ಏಳ್ಬೇಕು: ಹಳೇ ಸೊಂಟನೋವಿನ ಜೊತೆ ನನ್ನ ಅನುಭವ

ತೀರ್ಥಹಳ್ಳಿ ಕಡೆ ಫಿಸಿಯೋ ಕ್ಲಿನಿಕ್ ಇಟ್ಟು ಹನ್ನೊಂದು ವರ್ಷ ಆಯ್ತು. ಬರೋರಲ್ಲಿ ಅರ್ಧಕ್ಕರ್ಧ ಅಡಿಕೆ ಸುಲಿಯೋ ಹೆಂಗಸ್ರು, ಎಲ್ಲಾ ಮೂರು-ನಾಲ್ಕು ವರ್ಷದ ಹಳೇ ನೋವು. ಮಿಷಿನ್ ಬಿಟ್ಟು ಗಡಿಯಾರ ಹಿಡ್ಕೊಂಡೇ ಇವರನ್ನ ಮತ್ತೆ ಅಡಿಕೆ ಸುಲಿಯೋ ಮೆಟ್ಟುಗತ್ತಿ ಮುಂದೆ ಕೂರಿಸ್ತೀನಿ ಅಂದಾಗ ನಮ್ಮ ಬ್ಯಾಚ್‌ನೋರೇ ನಂಬಲಿಲ್ಲ. ಎರಡು ಸೀಸನ್ ಮುಗೀತು, ಕೂರಿಸಿದೀನಿ, ಅದಕ್ಕೇ ಬರೀತಿದೀನಿ.

ನೋವಿನ ಜಾಗಕ್ಕೆ ಸಣ್ಣ ಕರೆಂಟ್ ಕೊಡೋ ಐಎಫ್‌ಟಿ, ಶಬ್ದದ ಅಲೆ ಬಿಡೋ ಅಲ್ಟ್ರಾಸೌಂಡ್, ಸೊಂಟ ಎಳೆಯೋ ಟ್ರ್ಯಾಕ್ಷನ್ ಟೇಬಲ್ ಅಂತ ಸುಮಾರು ಎರಡೂಮುಕ್ಕಾಲು ಲಕ್ಷ ಸಾಲ ಮಾಡಿದ್ದೆ. ಹತ್ತು ಸಿಟ್ಟಿಂಗ್ ಮುಗಿಸಿ ಆರಾಮಾಗಿ ಹೋಗ್ತಿದ್ರು, ಇಪ್ಪತ್ತು ದಿನಕ್ಕೆ ಮತ್ತೆ ಬಾಗಿಲಲ್ಲಿ ನಿಂತಿರೋರು. ದಿನಗೂಲಿ ದುಡ್ಡು ತಂದು ನನ್ನ ಕೈಗೆ ಕೊಡೋದು ನೋಡಿ ಹೊಟ್ಟೆ ಉರೀತಿತ್ತು. ಮಿಷಿನ್ ನಿಲ್ಲಿಸಿದ ಮೊದಲ ಆರು ತಿಂಗಳು ಆದಾಯ ಮೂರನೇ ಒಂದು ಭಾಗಕ್ಕೆ ಇಳೀತು, ಎರಡು ಕಂತು ಕಟ್ಟೋಕೆ ಮನೆಯವರ ಹತ್ರ ಕೈ ಚಾಚಿದೆ.

ಮೊದಲ ಸೋಲು ಮಾತಿನದ್ದು. ಲ್ಯಾಪ್‌ಟಾಪ್‌ನಲ್ಲಿ ನರಗಳ ಚಿತ್ರ ತೋರಿಸಿ, ಗಾಯ ಮಾಗಿದ ಮೇಲೂ ನರಮಂಡಲ ಹೇಗೆ ಚುರುಕಾಗೇ ಉಳಿದು ನೋವು ಕೊಡುತ್ತೆ ಅಂತ ಅರ್ಧ ಗಂಟೆ ವಿವರಿಸ್ತಿದ್ದೆ. ಒಬ್ಬ ಅಮ್ಮ ಎದ್ದು ನಿಂತು "ಅಂದ್ರೆ ನಾನು ಸುಳ್ಳು ಹೇಳ್ತಿದೀನಿ ಅಂತೀರಾ ಡಾಕ್ಟ್ರೇ?" ಅಂತ ಕೇಳಿ ಹೋದೋರು ಮತ್ತೆ ಬರ್ಲೇ ಇಲ್ಲ. ಆಮೇಲೆ ಪಾಠ ಬಿಟ್ಟೆ. ಎಂಆರ್‌ಐಲಿ ಡಿಸ್ಕ್ ಬಲ್ಜ್ (ಬೆನ್ನೆಲುಬಿನ ನಡುವಿನ ಮೆತ್ತೆ ಉಬ್ಬಿದೆ) ಅಂತ ಬರೆದಿದ್ದಕ್ಕೆ ಹೆದರಿ ಮಲಗಿದೋರಿಗೆ ಮಾತ್ರ 1994ರ ಅಧ್ಯಯನ ಹೇಳ್ತೀನಿ: ಸೊಂಟನೋವೇ ಇಲ್ದ 98 ಜನರನ್ನ ಸ್ಕ್ಯಾನ್ ಮಾಡಿದ್ರೆ ಎಲ್ಲಾ ಡಿಸ್ಕೂ ಸರಿ ಇದ್ದಿದ್ದು ನೂರಕ್ಕೆ 36 ಜನಕ್ಕೆ ಮಾತ್ರ. ಮೊದಲ ಮಾತು ಹೇಗೆ ಎತ್ತಬೇಕು ಅನ್ನೋದಕ್ಕೆ ನನ್ನದೇ ಒಂದು ದಾರಿ ಇದೆ, ಅದು ಸದ್ಯಕ್ಕೆ ನನ್ನ ಹತ್ರಾನೇ ಇರ್ಲಿ.

ವಿಧಾನ ನನ್ನದಲ್ಲ, ಅಮೆರಿಕದ ಸಿಯಾಟಲ್‌ನ ಮನಶ್ಶಾಸ್ತ್ರಜ್ಞ ಫೋರ್ಡೈಸ್ 1970ರ ದಶಕದಲ್ಲೇ ಹೇಳಿದ್ದು: ನೋವು ಬಂದಾಗ ನಿಲ್ಲಿಸ್ಬೇಡಿ, ಮೊದಲೇ ಗೊತ್ತು ಮಾಡಿದ ಲೆಕ್ಕ ಮುಗಿದಾಗ ನಿಲ್ಲಿಸಿ. ನೋವು ಏರೋ ಮುಂಚೆ ಎಷ್ಟು ಹೊತ್ತು ಕೂರ್ತಾರೆ ಅಂತ ಮೂರು ದಿನ ನೋಡ್ತೀನಿ, ಇಪ್ಪತ್ತು ನಿಮಿಷ ಅಂದ್ರೆ ಹದಿನೈದಕ್ಕೆ ಮೊಬೈಲ್ ಅಲಾರಂ. ಹೊಡೆದ್ರೆ ಕೈಲಿರೋ ಕಾಯಿ ಅಲ್ಲೇ ಇಟ್ಟು ಎದ್ದು ಅಂಗಳ ಒಂದು ಸುತ್ತು ಹಾಕಿ ಬರ್ಬೇಕು, ಎರಡು ದಿನಕ್ಕೊಂದು ನಿಮಿಷ ಏರಿಸೋದು.

ಕಷ್ಟ ಇರೋದು ನೋವಿರೋ ದಿನ ಅಲ್ಲ, ಚೆನ್ನಾಗಿರೋ ದಿನ. ಸುಲಿದಷ್ಟು ಕೂಲಿ, ಪಕ್ಕದೋಳ ರಾಶಿ ಏರ್ತಿದ್ರೆ ಯಾರು ತಾನೇ ಏಳ್ತಾರೆ? ಒಬ್ಬ ಅಕ್ಕ ಐದನೇ ವಾರ ಆರಾಮಿದೀನಿ ಅಂತ ರಾತ್ರಿ ಹನ್ನೊಂದರ ತನಕ ಸುಲಿದು ನಾಲ್ಕು ದಿನ ಹಾಸಿಗೆ ಹಿಡಿದ್ರು, ಗಂಡ ಬಂದು ನನ್ನ ಮೇಲೆ ರೇಗಿದ್ರು. ತಪ್ಪು ನಂದೇ, ಹೆಚ್ಚು ಮಾಡಬಾರದು ಅಂತ ಒತ್ತಿ ಹೇಳಿರ್ಲಿಲ್ಲ. ಈಗ ಮನೆಯವರನ್ನ ಒಬ್ಬರನ್ನಾದ್ರೂ ಕರೆಸಿ ಅದನ್ನೇ ಮೊದಲು ಹೇಳೋದು.

ನಡುವೆ ಚರ್ಮದ ಮೇಲಿಂದ ಸಣ್ಣ ಕರೆಂಟ್ ಕೊಡೋ ಟೆನ್ಸ್ ಮಿಷಿನ್ ಮನೆಗೆ ಕೊಟ್ಟು ನೋಡಿದೆ, ಆರರಲ್ಲಿ ಎರಡು ವಾಪಸ್ಸೇ ಬರ್ಲಿಲ್ಲ, ಫಲವೂ ಅಷ್ಟಕ್ಕಷ್ಟೇ. ನಿದ್ದೆ ಲೆಕ್ಕ ಬರೆಸಿದ್ದು ಮಾತ್ರ ಬಂಗಾರ, ನಿದ್ದೆ ಕೆಟ್ಟ ಮಾರನೇ ದಿನ ನೋವಿನ ಅಂಕ (ಹತ್ತಕ್ಕೆ ಎಷ್ಟು ಅಂತ) ಏರೋದು ಅವರಿಗೇ ಕಾಣ್ಸುತ್ತೆ. ಸೊಂಟನೋವಿಂದ ದಿನದ ಕೆಲಸಕ್ಕೆ ಎಷ್ಟು ತೊಂದ್ರೆ ಅಂತ ಅಳೆಯೋ ರೋಲಂಡ್ ಮಾರಿಸ್‌ ಪಟ್ಟಿಯ 24 ಪ್ರಶ್ನೆಲಿ ಮೆಟ್ಟಿಲು ಹತ್ತೋ ಪ್ರಶ್ನೆಗೆ "ನಮ್ಮನೇಲಿ ಮೆಟ್ಟಿಲೇ ಇಲ್ಲ" ಅಂದ್ರು, ಬಾವಿಯಿಂದ ನೀರು ಸೇದೋದು ಅಂತ ಬದಲಾಯಿಸ್ಕೊಂಡೆ, ಹಾಗಾಗಿ ನನ್ನ ಅಂಕಿ ಸಂಶೋಧನಾ ಪೇಪರ್‌ಗಾಗಲ್ಲ.

ಸುಮಾರು ನಲವತ್ತು ಜನರಲ್ಲಿ ಇಪ್ಪತ್ತಾರೋ ಇಪ್ಪತ್ತೇಳೋ ಕೆಲಸಕ್ಕೆ ಮರಳಿದ್ರು, ಎಂಟು ಜನ ಮಧ್ಯದಲ್ಲೇ ಬಿಟ್ರು, ಉಳಿದೋರು ಹಾಗೇ ಇದ್ದಾರೆ. ನೋವಿನ ಅಂಕ ಏಳರಿಂದ ಐದಕ್ಕೆ ಇಳಿದಿದ್ದು ಅಷ್ಟೇ, ಆದ್ರೆ ಕೂರೋ ಹೊತ್ತು ಮೂರು ಪಟ್ಟು. ಕಾಲು ಜೋಮು, ಮೂತ್ರದ ತೊಂದ್ರೆ, ಜ್ವರ, ತೂಕ ಇಳಿದಿರೋರನ್ನ ಮೊದಲೇ ಆಸ್ಪತ್ರೆಗೆ ಕಳಿಸಿದ್ದೆ, ಅವರು ಈ ಲೆಕ್ಕದಲ್ಲಿಲ್ಲ.

ರಾತ್ರಿ ಹನ್ನೊಂದರ ತನಕ ಸುಲಿದ ಆ ಅಕ್ಕ ಮತ್ತೆ ಹದಿನೈದು ನಿಮಿಷದಿಂದ ಶುರು ಮಾಡಿ ಮೂರು ತಿಂಗಳ ಹತ್ರ ಐವತ್ತೈದಕ್ಕೆ ಬಂದ್ರು. ಮೊನ್ನೆ ಅವರ ಚಪ್ಪರಕ್ಕೆ ಹೋಗಿದ್ದೆ, ಅಲಾರಂ ಹೊಡೀತು, ಪಕ್ಕದಲ್ಲಿ ಕೂತಿದ್ದ ಇನ್ನೂ ನಾಲ್ಕು ಜನ ಜೊತೇಲೇ ಎದ್ರು, ಅವರ್ಯಾರೂ ನನ್ನ ಪೇಷಂಟುಗಳಲ್ಲ.